ವಿಯೆಟ್ನಾಮೀ ‘ಥೇ ಸಾಯ್ ಖಿಯೆನ್’ ಅಂದ್ರೆ ನಮ್ಮ ‘-ಇಸು’ ಪ್ರತ್ಯಯವೇ?

ನಗೋಯಾ_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾನಿರುವುದು ಜಪಾನಿನಲ್ಲಿ. ಕಾರ್ಖಾನೆಯಿಂದಲೇ ಜಪಾನಿ ಭಾಷೆಯ ಸಂಜೆ ತರಗತಿ ನಡೆಸುತ್ತಾರೆ, ಅಲ್ಲಿ ನನ್ನ ಜೊತೆ ಓದುವವರಲ್ಲಿ ಹೆಚ್ಚಿನವರು ವಿಯೆಟ್ನಾಮಿನವರು. ಈಗ ನಡೆಯುತ್ತಿರುವ ಪಾಠ ‘ತಬೆರು’ (ತಿನ್ನು) ‘ತಬೆಸಸೆರು’ (ತಿನ್ನಿಸು) ಆಗುವ ರೂಪ. ನನಗೆ ಇದು ಸಲೀಸು. ‘ಸಸೆರು’ ಅಂದರೆ ನಮ್ಮ ‘ಇಸು’ ಅಂದುಕೊಂಡರೆ ಮುಕ್ಕಾಲು ಪಾಠ ಮುಗಿದ ಹಾಗೆ. ಪಕ್ಕದಲ್ಲಿ ಕೂರುವ ವಿಯೆಟ್ನಾಮಿನ ಹುಡುಗಿಗೆ ಮಾತ್ರ ಇದು ಬಹಳ ಕಷ್ಟವಾಗುತ್ತಿದೆ. ಅವಳ ಪುಸ್ತಕದಲ್ಲಿ ಈ ಪಾಠದ ಹೆಸರು ‘ಥೇ ಸಾಯ್ ಖಿಯೆನ್’. “ನಿಮ್ಮ ಭಾಷೆಯಲ್ಲಿ ಈ ರೂಪ ಹೇಗಿರುತ್ತೆ?” ಅಂತ ಕೇಳಿದೆ. ಒಂದು ಉತ್ತರದ ಬದಲು ಐದಾರು ಬೇರೆ ಬೇರೆ ಕ್ರಿಯಾಪದ ಬರೆದುಕೊಟ್ಟಳು, ಯಾವುದನ್ನು ಎಲ್ಲಿ ಬಳಸುವುದು ಅಂತ ವಿವರಿಸುವಷ್ಟು ಜಪಾನಿ ನಮ್ಮಿಬ್ಬರಿಗೂ ಇಲ್ಲ. ವ್ಯಾಕರಣ ಬಲ್ಲವರು, ವಿಯೆಟ್ನಾಮೀ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ: ಈ ಹೆಸರು ನಿಜವಾಗಿ ಏನನ್ನು ಸೂಚಿಸುತ್ತದೆ? ಆ ಭಾಷೆಯಲ್ಲಿ ಪ್ರೇರಣಾರ್ಥಕ, ಅಂದರೆ ಬೇರೆಯವರಿಂದ ಮಾಡಿಸುವುದನ್ನು ಹೇಳುವ ರೂಪ, ಅನ್ನುವುದು ಇದೆಯೋ ಇಲ್ಲವೋ?

ಹನೊಯ್_ವಾಸಿ
ನಮಸ್ಕಾರ. ನಾನು ಹನೊಯ್‌ನಲ್ಲಿದ್ದೇನೆ, ಮನೆಯವರು ಇಲ್ಲಿನವರೇ. ಮಾತು ಕಲಿತದ್ದು ಅಡುಗೆಮನೆಯಲ್ಲಿ, ವ್ಯಾಕರಣ ಓದಿದ್ದು ಆಮೇಲೆ.

ಮೊದಲು ಹೆಸರು ನೋಡೋಣ. ‘ಥೇ’ ಅಂದರೆ ರೂಪ, ಮೂಲದಲ್ಲಿ ಶರೀರ. ‘ಸಾಯ್’ ಅಂದರೆ ಕೆಲಸ ಹೇಳಿ ಕಳಿಸು. ‘ಖಿಯೆನ್’ ಅಂದರೆ ಆಗುವಂತೆ ಮಾಡು. ದಿನಬಳಕೆಯಲ್ಲಿ ‘ಸಾಯ್ ಖಿಯೆನ್’ ಅಂದರೆ ಇನ್ನೊಬ್ಬರ ಮೇಲೆ ಅಧಿಕಾರ ಚಲಾಯಿಸಿ ಕೆಲಸ ತೆಗೆಯುವುದು, ಅವರಿಗೆ ಅಪ್ಪಣೆ ಮಾಡುವುದು. ಹಾಗಾಗಿ ಈ ಪದ ಕಿವಿಗೆ ಸ್ವಲ್ಪ ಗಡಸಾಗಿಯೇ ಕೇಳಿಸುತ್ತದೆ.

ಇನ್ನೊಂದು ಮಾತು. ಇಲ್ಲಿನ ಜನಕ್ಕೆ ಈ ಹೆಸರು ಎದುರಾಗುವುದು ಬಹುಮಟ್ಟಿಗೆ ಬೇರೆ ಭಾಷೆ ಕಲಿಯುವಾಗ. ಜಪಾನಿಯ ‘ಸಸೆರು’, ಇಂಗ್ಲಿಷಿನ ‘ಹ್ಯಾವ್’, ‘ಗೆಟ್’ ಬಳಸುವ ವಾಕ್ಯಗಳು, ಇವಕ್ಕೆಲ್ಲ ಈ ಹೆಸರು ಅಂಟಿಸುತ್ತಾರೆ. ತಮ್ಮದೇ ಭಾಷೆಯ ವಿಷಯಕ್ಕೆ ಬಂದಾಗ ಭಾಷಾಶಾಸ್ತ್ರದವರು ಹೆಚ್ಚಾಗಿ ಬಳಸುವುದು ‘ಗಯ್ ಖಿಯೆನ್’ ಅನ್ನುವ ಮಾತನ್ನು. ‘ಗಯ್’ ಅಂದರೆ ಉಂಟುಮಾಡು, ಅದರಲ್ಲಿ ಅಪ್ಪಣೆಯ ವಾಸನೆ ಇಲ್ಲ. ಯಾಕೆಂದರೆ ವಿಯೆಟ್ನಾಮಿಯಲ್ಲಿ ಕ್ರಿಯಾಪದ ರೂಪವನ್ನೇ ಬದಲಿಸುವುದಿಲ್ಲ. ಕಾಲಕ್ಕಾಗಲಿ ವಚನಕ್ಕಾಗಲಿ ಪುರುಷಕ್ಕಾಗಲಿ ಅದು ಅಲುಗುವುದಿಲ್ಲ. ‘ಅನ್’ ಅಂದರೆ ತಿನ್ನು, ಎಲ್ಲಿ ಹೋದರೂ ಅದು ‘ಅನ್’ ಮಾತ್ರ. ರೂಪವೇ ಇಲ್ಲದ ಕಡೆ ‘ಥೇ’ ಅಂದರೆ ಏನನ್ನು ತೋರಿಸುವುದು? ನಿಮ್ಮ ಸಹಪಾಠಿ ಒಂದರ ಬದಲು ಐದಾರು ಪದ ಬರೆದುಕೊಟ್ಟದ್ದು ಸರಿಯಾದ ಉತ್ತರವೇ.

ಓದುಗ_ಮೈಸೂರು
ಆ ಐದಾರು ಪದ ಯಾವುವು ಅಂತ ಬಿಡಿಸಿ ಹೇಳಿ ಮೇಡಂ. ಉದಾಹರಣೆ ಕನ್ನಡ ಲಿಪಿಯಲ್ಲೇ ಇರಲಿ.

ಹನೊಯ್_ವಾಸಿ
ಬರೆಯುತ್ತೇನೆ. ಉತ್ತರ ವಿಯೆಟ್ನಾಮಿನ ಉಚ್ಚಾರದಲ್ಲಿ ದನಿಯ ಏರಿಳಿತದ ಆರು ಭೇದಗಳಿವೆ, ಅವು ನಮ್ಮ ಲಿಪಿಯಲ್ಲಿ ಬರುವುದಿಲ್ಲ. ಅದೊಂದನ್ನು ಬಿಟ್ಟು ಓದಿಕೊಳ್ಳಿ.

ಅಮ್ಮ, ಮಗು, ಊಟ, ಇಷ್ಟೇ ಇಟ್ಟುಕೊಳ್ಳೋಣ. ‘ಮೆ’ ಅಮ್ಮ, ‘ಕೊನ್’ ಮಗು.

‘ಮೆ ಬತ್ ಕೊನ್ ಅನ್ ಝಾವ್’: ಅಮ್ಮ ಮಗುವಿಗೆ ಬಲವಂತವಾಗಿ ಸೊಪ್ಪು ತಿನ್ನಿಸಿದಳು. ‘ಬತ್’ ಅಂದರೆ ಹಿಡಿ. ಕಳ್ಳನನ್ನು ಹಿಡಿಯುವುದಕ್ಕೂ ಇದೇ ಪದ. ‘ಮೆ ಚೊ ಕೊನ್ ಅನ್ ಕೆಮ್’: ಅಮ್ಮ ಮಗುವಿಗೆ ಐಸ್‌ಕ್ರೀಮ್ ತಿನ್ನಲು ಕೊಟ್ಟಳು, ಒಪ್ಪಿಗೆ ಇತ್ತಳು. ‘ಚೊ’ ಅಂದರೆ ಕೊಡು. ‘ಮೆ ಬಾವ್ ಕೊನ್ ಅನ್’: ತಿನ್ನು ಅಂತ ಹೇಳಿದಳು. ‘ಮೆ ಡೇ ಕೊನ್ ಅನ್’: ತಿನ್ನಲು ಬಿಟ್ಟಳು, ಅಡ್ಡ ಬರಲಿಲ್ಲ. ‘ಡೇ’ ಅಂದರೆ ಇಡು ಅಥವಾ ಹಾಗೇ ಬಿಡು. ಯಾರಿಂದಾದರೂ ಉಪಕಾರ ಕೇಳಿ ಕೆಲಸ ಮಾಡಿಸಿಕೊಂಡರೆ ‘ಞೊ’. ಕಿರಿಯರನ್ನೋ ಕೈಕೆಳಗಿನವರನ್ನೋ ಅಟ್ಟಿದರೆ ‘ಸಾಯ್’. ತಾತ ಮೊಮ್ಮಗನನ್ನು ಔಷಧಿ ತರಲು ಕಳಿಸಿದರೆ ‘ಸಾಯ್’ ಸರಿ, ಮೊಮ್ಮಗ ತಾತನ ವಿಷಯದಲ್ಲಿ ಆ ಪದ ಎತ್ತುವಂತೆಯೇ ಇಲ್ಲ.

ಇವುಗಳಲ್ಲಿ ಒಂದನ್ನು ಆರಿಸದೆ ವಾಕ್ಯ ಮುಂದೆ ಹೋಗುವುದಿಲ್ಲ. ಬಲವಂತವೋ, ಒಪ್ಪಿಗೆಯೋ, ಮಾತೋ, ವಿನಂತಿಯೋ ಅನ್ನುವುದನ್ನು ಬಾಯಿ ತೆರೆಯುವ ಮೊದಲೇ ತೀರ್ಮಾನಿಸಿರಬೇಕು. ಕನ್ನಡದಲ್ಲಿ “ಅಮ್ಮ ಮಗುವಿಗೆ ತಿನ್ನಿಸಿದಳು” ಅಂದರೆ ಸಾಕು, ಮಗು ಅತ್ತಿತೋ ನಕ್ಕಿತೋ ಅಂತ ವ್ಯಾಕರಣ ಕೇಳುವುದಿಲ್ಲ.

ಶಬ್ದಾಸಕ್ತ
ಬಹಳ ಒಳ್ಳೆಯ ವಿವರಣೆ. ‘ಲಾಮ್’ ಅನ್ನುವ ಪದವೂ ಇದೆ ಅಂತ ಓದಿದ್ದೇನೆ. ಅದು ‘ಮಾಡು’ ತಾನೆ? ಹಾಗಿದ್ದರೆ ಅದೇ ಸಾಮಾನ್ಯ ಪ್ರೇರಣಾರ್ಥಕ ಆಗಬಾರದೇಕೆ?

ಹನೊಯ್_ವಾಸಿ
ಆಗುವುದಿಲ್ಲ, ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಅದೇ. ‘ಲಾಮ್’ ಜೋಡಿಯಾಗುವುದು ತನ್ನಷ್ಟಕ್ಕೆ ಆಗುವ ಸಂಗತಿಗಳ ಜೊತೆ: ಒಡೆಯುವುದು, ಬೀಳುವುದು, ಮುರಿಯುವುದು, ಕಳೆದುಹೋಗುವುದು, ದುಃಖವಾಗುವುದು. ‘ನೊ ಲಾಮ್ ವೊ ಕಾಯ್ ಕೊಕ್’ ಅಂದರೆ ಅವನು ಲೋಟ ಒಡೆದ. ‘ವೊ’ ಅಂದರೆ ಒಡೆದುಹೋಗು. ಪದಗಳ ಜಾಗ ಬದಲಿಸಿ ‘ನೊ ಲಾಮ್ ಕಾಯ್ ಕೊಕ್ ವೊ’ ಅಂದರೂ ನಡೆಯುತ್ತದೆ. ಬೇಕೆಂದೇ ಕುಟ್ಟಿ ಒಡೆದಿದ್ದರೆ ‘ನೊ ಡಪ್ ವೊ’ ಅನ್ನುತ್ತಾರೆ, ‘ಡಪ್’ ಅಂದರೆ ಬಡಿ. ಬೀಗದಕೈ ಕಳೆದುಕೊಂಡರೆ ‘ಲಾಮ್ ಮತ್’.

ಆದರೆ ‘ಅಮ್ಮ ಮಗುವನ್ನು ಶಾಲೆಗೆ ಹೋಗುವಂತೆ ಮಾಡಿದಳು’ ಅನ್ನುವುದಕ್ಕೆ ‘ಲಾಮ್’ ಹಾಕಿದರೆ ಇಲ್ಲಿ ಯಾರಿಗೂ ಒಪ್ಪಿಗೆಯಾಗುವುದಿಲ್ಲ. ಶಾಲೆಗೆ ಹೋಗುವುದು ಮಗುವಿನ ಇಚ್ಛೆಗೆ ಸೇರಿದ ಕ್ರಿಯೆ. ಇಚ್ಛೆಯಿರುವವರ ಜೊತೆ ‘ಬತ್’, ‘ಚೊ’, ‘ಬಾವ್’ ಇವೇ ಬೇಕು.

‘ಖಿಯೆನ್’ ಸ್ವಲ್ಪ ಬರಹದ ಕಡೆಗೆ ವಾಲುತ್ತದೆ. ಯಾವುದೋ ಸುದ್ದಿ, ಘಟನೆ, ಮಾತು ಒಬ್ಬರ ಮನಸ್ಸನ್ನು ಕಲಕಿದಾಗ ಅದು ಬರುತ್ತದೆ. ‘ತಿನ್ ಡೊ ಖಿಯೆನ್ ಮೆ ಬುವೊನ್’, ಆ ಸುದ್ದಿಯಿಂದ ಅಮ್ಮನಿಗೆ ಬೇಸರವಾಯಿತು. ‘ಲಾಮ್ ವೊ’ ಅಂದಂತೆ ‘ಖಿಯೆನ್ ವೊ’ ಅನ್ನುವಂತಿಲ್ಲ.

ಧಾರವಾಡದಾಂವ
ಅಕ್ಕಾರ, ನೀವು ಬರದದ್ದು ಓದಿ ಭಾಳ ಖುಷಿ ಆತು. ಆದ್ರ ಕನ್ನಡದಾಗ ಬರೇ ‘ಇಸು’ ಒಂದ ಐತಿ ಅಂತ ತಿಳಕೋಬ್ಯಾಡ್ರಿ. ನಮ್ಮ ಕಡೆ ‘ಹಚ್ಚು’ ಅಂತ ಐತಿ. “ಮಾಸ್ತರ್ರು ಹುಡುಗರನ್ನ ಬರೀಲಿಕ್ಕೆ ಹಚ್ಚಿದ್ರು”, “ಅವ್ವ ಮಗಳನ್ನ ರೊಟ್ಟಿ ಬಡಿಯಾಕ ಹಚ್ಚಿದ್ಲು”. ಇಲ್ಲಿ ‘ಬರೆಸಿದ್ರು’ ಅಂದ್ರ ಬ್ಯಾರೆ, ‘ಬರೀಲಿಕ್ಕೆ ಹಚ್ಚಿದ್ರು’ ಅಂದ್ರ ಬ್ಯಾರೆ. ಎರಡನೇದ್ರಾಗ ಕೆಲಸಕ್ಕ ಕೂಡಿಸಿದ್ದು ಕಾಣತೈತಿ.

ಇನ್ನ ‘ಚೊ’ ಅಂದ್ರ ಕೊಡು ಅಂದ್ರಲ್ಲ, ನಮ್ಮ ‘ಗೊಡು’ ಯಾವುದು ಮತ್ತ? “ಅಂವಾ ನನಗ ಮಾತಾಡಗೊಡಲಿಲ್ಲ”, “ಒಳಗ ಹೋಗಗೊಡಲಿಲ್ಲ”. ಇದು ‘ಕೊಡು’ನ. ‘ಡೇ’ ಅಂದ್ರ ಬಿಡು ಅಂದ್ರಿ. “ಹೋಗಾಕ ಬಿಡು”, “ಉಣ್ಣಾಕ ಬಿಡು” ಅಂತ ನಾವೂ ಅಂತೀವಲ್ಲ. ಕೊಡೂದು ಒಪ್ಪಿಗಿ ಆತು, ಬಿಡೂದು ಅಡ್ಡ ಬರದ ಇರೂದು ಆತು. ಎರಡೂ ಕಡೆ ಒಂದ ದಾರಿ ಹಿಡದಾರ.

ಹನೊಯ್_ವಾಸಿ
ಅಣ್ಣಾ, ‘ಗೊಡು’ ನನಗೆ ಹೊಳೆದೇ ಇರಲಿಲ್ಲ! ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಇವತ್ತು ಮನೆಯಲ್ಲಿ ಇದನ್ನು ಹೇಳುತ್ತೇನೆ.

ಪ್ರಯೋಜಕ
ಸಂಸ್ಕೃತದ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ನಮ್ಮ ಶಾಲೆಯಲ್ಲಿ ‘ಪ್ರೇರಣಾರ್ಥಕ’ ಅಂತ ಕಲಿಸುವುದನ್ನು ಸಂಸ್ಕೃತ ವ್ಯಾಕರಣದಲ್ಲಿ ‘ಣಿಜಂತ’ ಅನ್ನುತ್ತಾರೆ. ಪಾಣಿನಿಯ ‘ಹೇತುಮತಿ ಚ’ ಸೂತ್ರ (3.1.26) ಇದರ ‘ಣಿಚ್’ ಪ್ರತ್ಯಯವನ್ನು ವಿಧಿಸುತ್ತದೆ. ‘ತತ್ಪ್ರಯೋಜಕೋ ಹೇತುಶ್ಚ’ (1.4.55) ಅನ್ನುವ ಸೂತ್ರದ ಪ್ರಕಾರ, ಮಾಡುವವನನ್ನು ತೊಡಗಿಸುವವನು ‘ಹೇತು’, ಅವನೂ ಕರ್ತೃವೇ. ಮಾಡಿಸುವವನು ಪ್ರಯೋಜಕ, ಮಾಡುವವನು ಪ್ರಯೋಜ್ಯ. ಅಪ್ಪಣೆ, ಬಲವಂತ, ಬೇಡಿಕೆ ಎಂಬ ಭೇದವನ್ನು ಈ ಹೆಸರುಗಳು ಹೊರುವುದಿಲ್ಲ. ವಿಯೆಟ್ನಾಮಿನ ಪಠ್ಯದವರು ‘ಅಪ್ಪಣೆ’ ಅನ್ನುವ ಪದವನ್ನೇ ಶೀರ್ಷಿಕೆಗೆ ತಂದಿದ್ದರಿಂದ ಕಲಿಯುವವರ ಮನಸ್ಸಿನಲ್ಲಿ ಅರ್ಥ ಕಿರಿದಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ನಗೋಯಾ_ಕನ್ನಡಿಗ
ಸರ್, ಅವಳಿಗೆ ಆಗುತ್ತಿರುವ ತೊಂದರೆ ಇದೇ! ಜಪಾನಿಯಲ್ಲಿ ರಜೆ ಕೇಳುವಾಗ ‘ಯಸುಮಸೆತೆ ಕುದಸಾಯ್’ ಅನ್ನುತ್ತೇವೆ, ಅಂದರೆ “ರಜೆ ತೆಗೆದುಕೊಳ್ಳಲು ಬಿಡಿ”. ಅದೇ ‘ಸಸೆರು’ ರೂಪ, ಆದರೆ ಇಲ್ಲಿ ಯಾರೂ ಯಾರಿಗೂ ಅಪ್ಪಣೆ ಮಾಡುತ್ತಿಲ್ಲ, ಕೆಳಗಿನವನು ಮೇಲಿನವನನ್ನು ಕೇಳಿಕೊಳ್ಳುತ್ತಿದ್ದಾನೆ. “ಸಾಯ್ ಖಿಯೆನ್ ಅಂದಮೇಲೆ ಮೇಲಧಿಕಾರಿಯ ಮುಂದೆ ಇದನ್ನು ಹೇಗೆ ಬಳಸಲಿ?” ಅಂತ ಅವಳು ಮತ್ತೆ ಮತ್ತೆ ಕೇಳುತ್ತಿದ್ದಳು.

ಹನೊಯ್_ವಾಸಿ
ಇಲ್ಲಿನ ಜಪಾನಿ ಶಿಕ್ಷಕರು ಅದಕ್ಕಾಗಿಯೇ ಪಾಠವನ್ನು ಎರಡಾಗಿ ಸೀಳುತ್ತಾರೆ, ಒಂದು ಬಲವಂತದ ಅರ್ಥ, ಇನ್ನೊಂದು ಅನುಮತಿಯ ಅರ್ಥ. ಮೊದಲನೆಯದಕ್ಕೆ ‘ಬತ್’, ಎರಡನೆಯದಕ್ಕೆ ‘ಚೊ’. ಅವಳಿಗೆ ಹೇಳಿ: ‘ಯಸುಮಸೆತೆ ಕುದಸಾಯ್’ ಅಂದರೆ ‘ಚೊ ತೊಯ್’ (‘ತೊಯ್’ ಅಂದರೆ ನಾನು) ಅಂತ ಶುರುವಾಗುವ ವಾಕ್ಯ. ತಕ್ಷಣ ತಲೆಗೆ ಹೋಗುತ್ತದೆ.

ಶಬ್ದಾಸಕ್ತ
ಜಪಾನಿಯಲ್ಲಿ ಈ ಭೇದ ವಿಭಕ್ತಿಯಲ್ಲೂ ಇಣುಕುತ್ತದೆ. ‘ಕೊದೊಮೊ ಒ ಇಕಸೆರು’ ಅಂದರೆ ಮಗುವನ್ನು ಹೋಗುವಂತೆ ಮಾಡು, ‘ಕೊದೊಮೊ ನಿ ಇಕಸೆರು’ ಅಂದರೆ ಮಗುವಿಗೆ ಹೋಗಲು ಬಿಡು ಅನ್ನುವ ಛಾಯೆ ಅಂತ ಭಾಷಾಶಾಸ್ತ್ರದವರು ಬಹುಕಾಲದಿಂದ ಚರ್ಚಿಸಿದ್ದಾರೆ. ಕನ್ನಡದಲ್ಲೂ ಮಾಡುವವನ ಮೇಲೆ ಬೀಳುವ ವಿಭಕ್ತಿ ನೋಡಿ: “ಬಡಗಿಯಿಂದ ಮೇಜು ಮಾಡಿಸಿದೆ”, “ತಮ್ಮನ ಕೈಲಿ ಕಾಗದ ಬರೆಸಿದೆ”, ಆದರೆ “ಮಗುವಿಗೆ ಹಾಲು ಕುಡಿಸಿದೆ”, “ಮಕ್ಕಳಿಗೆ ಪಾಠ ಕಲಿಸಿದೆ”. ಬಡಗಿ ಇಲ್ಲಿ ಉಪಕರಣದ ಜಾಗದಲ್ಲಿದ್ದಾನೆ, ಮಗು ಪಡೆಯುವವರ ಜಾಗದಲ್ಲಿದೆ. ಹಾಲು ಮಗುವಿನೊಳಗೆ ಹೋಯಿತು, ಪಾಠ ಮಕ್ಕಳೊಳಗೆ ಹೋಯಿತು. ಮೇಜು ಬಡಗಿಯ ಪಾಲಿಗೆ ಉಳಿಯಲಿಲ್ಲ.

ಪ್ರಯೋಜಕ
ಪಾಣಿನಿಯೂ ಇದನ್ನು ಕಂಡಿದ್ದಾನೆ. ‘ಗತಿಬುದ್ಧಿ...’ ಎಂದು ಶುರುವಾಗುವ ಸೂತ್ರದಲ್ಲಿ (1.4.52) ಚಲನೆ, ತಿಳಿವು, ತಿನ್ನುವಿಕೆ ಮುಂತಾದ ಅರ್ಥದ ಧಾತುಗಳಿಗೆ ಪ್ರಯೋಜ್ಯನು ಕರ್ಮವಾಗುತ್ತಾನೆ. ಉಳಿದ ಕಡೆ ತೃತೀಯೆ. ನಮ್ಮಲ್ಲಿ ಚತುರ್ಥಿ ಬರುವ ಉಣಿಸು, ಕಲಿಸು ಮೊದಲಾದವು ಅಲ್ಲಿನ ಈ ಗುಂಪಿಗೆ ಸಾಕಷ್ಟು ಹತ್ತಿರ.

ಶಿಲ್ಲಾಂಗ್_ನೆನಪು
ನಾನು ಕೆಲಸದ ಮೇಲೆ ಮೇಘಾಲಯದಲ್ಲಿದ್ದವನು. ಅಲ್ಲಿನ ಖಾಸಿ ಭಾಷೆ ವಿಯೆಟ್ನಾಮಿಯ ದೂರದ ನೆಂಟ, ಎರಡೂ ಆಸ್ಟ್ರೋ-ಏಷಿಯಾಟಿಕ್ ಕುಟುಂಬದವು. ಖಾಸಿಯಲ್ಲಿ ಪ್ರೇರಣಾರ್ಥಕ ಪ್ರತ್ಯಯ ಇವತ್ತಿಗೂ ಜೀವಂತವಾಗಿದೆ, ಪದದ ಮುಂದೆ ‘ಪಿನ್’ ಸೇರುತ್ತದೆ. ‘ಇಯಾಪ್’ ಅಂದರೆ ಸಾಯು, ‘ಪಿನ್‌ಇಯಾಪ್’ ಅಂದರೆ ಕೊಲ್ಲು. ಕಾಂಬೋಡಿಯದ ಖ್ಮೇರ್ ಅದೇ ಕುಟುಂಬದ್ದು. ಅಲ್ಲಿ ‘ರಿಯೆನ್’ ಕಲಿ, ‘ಬಙ್ರಿಯೆನ್’ ಕಲಿಸು. ‘ಸ್ಲಾಪ್’ ಸಾಯು, ‘ಸಮ್ಲಾಪ್’ ಕೊಲ್ಲು. ನೆಂಟರಲ್ಲೆಲ್ಲ ಇರುವಾಗ ವಿಯೆಟ್ನಾಮಿಯಲ್ಲಿ ಮಾತ್ರ ಇದು ಹುಟ್ಟಿನಿಂದಲೇ ಇರಲಿಲ್ಲ ಅಂತ ನಂಬುವುದು ಕಷ್ಟ.

ಹನೊಯ್_ವಾಸಿ
ಇತ್ತು. ಅದರ ಗುರುತು ಒಂದು ಜೋಡಿಯಲ್ಲಿ ಉಳಿದಿದೆ. ‘ಚೇತ್’ ಸಾಯು, ‘ಝಿಯೆತ್’ ಕೊಲ್ಲು. ಹಿಂದೆ ಈ ಪದದ ಮುಂದೆ ಒಂದು ಚಿಕ್ಕ ಅಕ್ಷರ ಪ್ರತ್ಯಯವಾಗಿ ಕೂರುತ್ತಿತ್ತು, ಅದರ ಪ್ರಭಾವದಲ್ಲಿ ಒಳಗಿನ ‘ಚ’ ಮೆತ್ತಗಾಯಿತು, ಆಮೇಲೆ ಆ ಅಕ್ಷರವೇ ಸವೆದುಹೋಯಿತು ಅಂತ ಭಾಷಾ ಇತಿಹಾಸಕಾರರು ವಿವರಿಸುತ್ತಾರೆ. ವಿಯೆಟ್ನಾಮಿಯ ಪದಗಳು ಕಾಲಕ್ರಮದಲ್ಲಿ ಒಂದೊಂದೇ ಅಕ್ಷರಕ್ಕೆ ಕುಗ್ಗಿದವು, ಮುಂದಿದ್ದ ಪ್ರತ್ಯಯಗಳೆಲ್ಲ ಆ ಕುಗ್ಗುವಿಕೆಯಲ್ಲಿ ಹೋದವು. ಆ ಕೆಲಸವನ್ನು ಈಗ ‘ಕೊಡು’, ‘ಹಿಡಿ’, ‘ಬಿಡು’, ‘ಮಾಡು’ ಹಂಚಿಕೊಂಡು ಮಾಡುತ್ತಿವೆ.

ಈ ಹಂಚಿಕೆ ಕಾನೂನಿನವರೆಗೂ ಹೋಗಿದೆ. ವಿಯೆಟ್ನಾಮಿನ 2015ರ ದಂಡ ಸಂಹಿತೆಯ 123ನೇ ವಿಧಿ ಕೊಲೆಯ ಅಪರಾಧ, ಅಲ್ಲಿರುವ ಪದ ‘ಝಿಯೆತ್ ಙೊಯ್’. 128ನೇ ವಿಧಿ ಉದ್ದೇಶವಿಲ್ಲದೆ ಸಾವಿಗೆ ಕಾರಣವಾಗುವ ಅಪರಾಧ, ಅಲ್ಲಿ ‘ವೊ ಈ ಲಾಮ್ ಚೇತ್ ಙೊಯ್’. ‘ಙೊಯ್’ ಅಂದರೆ ಮನುಷ್ಯ. ಇಲ್ಲಿನ ‘ವೊ ಈ’ ಅಂದರೆ ಉದ್ದೇಶವಿಲ್ಲದೆ, ಒಡೆಯುವ ‘ವೊ’ ಅಲ್ಲ. ಒಂದರಲ್ಲಿ ‘ಕೊಲ್ಲು’ ಅನ್ನುವ ಪದ, ಇನ್ನೊಂದರಲ್ಲಿ ‘ಸಾಯುವಂತೆ ಮಾಡು’. ಲೋಟ ಅಕಸ್ಮಾತ್ತಾಗಿ ಒಡೆದಾಗ ಬರುವ ಅದೇ ‘ಲಾಮ್’. ಅಡುಗೆಮನೆಯಲ್ಲಿ ಕಲಿತ ಭೇದ ನ್ಯಾಯಾಲಯದಲ್ಲಿ ಒಬ್ಬನ ಶಿಕ್ಷೆಯನ್ನು ತೂಗುವ ಕಡೆಯೂ ನಿಂತಿರುವುದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತ್ತು.

ಓದುಗ_ಮೈಸೂರು
ನಮ್ಮಲ್ಲೂ ‘ಕೊಲ್ಲು’ ಬೇರೆ, ‘ಸಾಯಿಸು’ ಬೇರೆ. ಆದರೆ ‘ಸಾಯಿಸು’ ಅಂದರೆ ಉದ್ದೇಶ ಇರಲಿಲ್ಲ ಅಂತ ಆಗುವುದಿಲ್ಲ. “ಹೊಡೆದು ಸಾಯಿಸಿದ” ಅಂತೀವಲ್ಲ. ಉದ್ದೇಶ ಇಲ್ಲದಿದ್ದರೆ “ಅವನಿಂದ ಸಾವಾಯಿತು” ಅಂತ ‘ಇಂದ’ ಹಾಕಿ ಕ್ರಿಯೆಯನ್ನೇ ತಿರುಗಿಸಿಬಿಡುತ್ತೇವೆ. “ನನ್ನಿಂದ ಲೋಟ ಒಡೆದುಹೋಯಿತು” ಅನ್ನುವ ಹಾಗೆ.

ಶಾಸನಪ್ರಿಯೆ
ನನಗೆ ವಿಯೆಟ್ನಾಮೀ ಒಂದಕ್ಷರವೂ ಗೊತ್ತಿಲ್ಲ. ಆದರೆ ಈ ಚರ್ಚೆ ಓದುತ್ತಾ ಶ್ರವಣಬೆಳಗೊಳ ನೆನಪಾಯಿತು. ಗೊಮ್ಮಟನ ಪಾದದ ಬಳಿ ಕನ್ನಡದಲ್ಲಿ “ಶ್ರೀ ಚಾವುಂಡರಾಜಂ ಮಾಡಿಸಿದಂ” ಅಂತ ಇದೆ. ಅದೇ ಮಾತು ತಮಿಳಿನಲ್ಲಿ ‘ಸೆಯ್ವಿತ್ತಾನ್’, ಮರಾಠಿಯಲ್ಲಿ ‘ಕರವಿಯಲೆಂ’. ಮೂರು ಭಾಷೆಯಲ್ಲೂ ಕ್ರಿಯಾಪದ ಪ್ರೇರಣಾರ್ಥಕವೇ. ‘ಮಾಡಿದಂ’ ಅಂತ ಯಾರೂ ಬರೆಯಲಿಲ್ಲ. ಕೆರೆ, ಬಸದಿ, ದೇಗುಲ, ಇವುಗಳ ಎಷ್ಟೋ ಶಾಸನಗಳಲ್ಲೂ ‘ಕಟ್ಟಿಸಿದ’, ‘ಮಾಡಿಸಿದ’ ಅಂತಲೇ ಬರುತ್ತದೆ. ಉಳಿ ಹಿಡಿದವನ ಹೆಸರು ಆ ಸಾಲಿನಲ್ಲಿಲ್ಲ, ಆದರೆ ‘ಇಸು’ ಇರುವುದರಿಂದ ಬೇರೊಬ್ಬ ಮಾಡಿದ ಅನ್ನುವುದು ಅಲ್ಲಿ ಅಳಿಯದೆ ಉಳಿದಿದೆ. ಇದರ ಬಗ್ಗೆ ನನಗೆ ಬಹಳ ಗೌರವ. ವಿಯೆಟ್ನಾಮಿನಲ್ಲಿ ರಾಜರು ಕಟ್ಟಿಸಿದ್ದನ್ನು ಹೇಗೆ ಹೇಳುತ್ತಾರೆ?

ಹನೊಯ್_ವಾಸಿ
ಒಳ್ಳೆಯ ಪ್ರಶ್ನೆ. ಹನೊಯ್‌ನ ಸಾಹಿತ್ಯ ದೇಗುಲ ‘ವಾನ್ ಮಿಯೆವ್’ ಅನ್ನು 1070ರಲ್ಲಿ ಕಟ್ಟಿಸಿದವನು ದೊರೆ ಲೀ ಥಾನ್ ತೊಂಗ್. ಇತಿಹಾಸದ ಬರಹಗಳಲ್ಲಿ ಇಂಥ ಕಡೆ ‘ಚೊ ಶಯ್’ ಅಂತ ಬರುತ್ತದೆ. ‘ಶಯ್’ ಅಂದರೆ ಕಟ್ಟು. ‘ಕೊಡು’ ಪದವೇ ಇಲ್ಲಿ ದೊರೆಯ ಆಜ್ಞೆಯಾಗುತ್ತದೆ. ದೊರೆ ಆಳುಗಳನ್ನು ಎಲ್ಲಿಗಾದರೂ ಕಳಿಸಿದರೆ ‘ಸಾಯ್’.

ಆದರೆ ಸಾಮಾನ್ಯರ ಮಾತಿನಲ್ಲಿ ನಮ್ಮ ‘ಇಸು’ ಇರಲೇಬೇಕಾದ ಎಷ್ಟೋ ಕಡೆ ಇಲ್ಲಿ ಏನೂ ಇರುವುದಿಲ್ಲ. ನಾವು “ಕೂದಲು ಕತ್ತರಿಸಿಕೊಂಡು ಬಂದೆ”, “ಕಟಿಂಗ್ ಮಾಡಿಸಿದೆ” ಅಂತೀವಿ. ಇಲ್ಲಿ ‘ತೊಯ್ ಡಿ ಕತ್ ತೊಕ್’, ನೇರವಾಗಿ “ನಾನು ಹೋಗಿ ಕೂದಲು ಕತ್ತರಿಸು”. ಯಾರು ಕತ್ತರಿ ಹಿಡಿದರು ಅಂತ ಹೇಳುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಮನೆ ಕಟ್ಟಿಸಿದವರೂ “ಮನೆ ಕಟ್ಟಿದೆ” ಅನ್ನುತ್ತಾರೆ. ಅದಕ್ಕೇ ಇಂಗ್ಲಿಷ್ ಪಾಠದಲ್ಲಿ ‘ನನ್ನ ಕೂದಲನ್ನು ಕತ್ತರಿಸಿಸಿಕೊಂಡೆ’ ಅನ್ನುವಂಥ ರಚನೆ ಬಂದಾಗ ಇಲ್ಲಿನ ಮಕ್ಕಳು ತಡವರಿಸುತ್ತಾರೆ, ಅದನ್ನು ಪ್ರತ್ಯೇಕ ಪಾಠವಾಗಿ ಗಟ್ಟಿ ಮಾಡಿಸಬೇಕಾಗುತ್ತದೆ. ‘ಸಾಯ್ ಖಿಯೆನ್’ ಶೀರ್ಷಿಕೆಯ ಅಗತ್ಯ ಹುಟ್ಟಿದ್ದು ಇಂಥ ಕಡೆ.

ಪದಕೋಶ_ಪ್ರೇಮಿ
ಒಂದು ಆಕ್ಷೇಪಣೆ ಇದೆ. ವಿಯೆಟ್ನಾಮಿಯಲ್ಲಿ ಪ್ರತ್ಯಯವೇ ಇಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಚೀನೀ ಮೂಲದ ‘ಹ್ವಾ’ ಇದೆಯಲ್ಲ? ‘ಹಿಯೆನ್ ದಾಯ್’ ಆಧುನಿಕ, ‘ಹಿಯೆನ್ ದಾಯ್ ಹ್ವಾ’ ಆಧುನೀಕರಿಸು. ‘ಕೊಂಗ್ ಙಿಯೆಪ್ ಹ್ವಾ’ ಕೈಗಾರಿಕೀಕರಣ. ಸರ್ಕಾರಿ ಭಾಷೆಯಲ್ಲಿ, ಪತ್ರಿಕೆಗಳಲ್ಲಿ ಇದು ತುಂಬಿಕೊಂಡಿದೆ. ಇದು ನಮ್ಮ ‘ಕರಣ’, ‘ಕರಿಸು’ ಮಾಡುವ ಕೆಲಸವನ್ನೇ ಮಾಡುತ್ತದೆ.

ಹನೊಯ್_ವಾಸಿ
ಒಪ್ಪುತ್ತೇನೆ, ಬರಹದ ಭಾಷೆಯಲ್ಲಿ ಅದು ಬಹಳ ಬಲವಾಗಿದೆ. ಆದರೆ ‘ಹ್ವಾ’ ಸೇರುವುದು ಹೆಚ್ಚಾಗಿ ನಾಮಪದ, ಗುಣವಾಚಕಗಳಿಗೆ. ‘ತಿನ್ನು’, ‘ಓಡು’, ‘ಅಳು’ ಅನ್ನುವ ಕ್ರಿಯೆಗಳಿಗೆ ಸೇರಿಸಿ ಮಗುವಿಗೆ ತಿನ್ನಿಸಲು ಆಗುವುದಿಲ್ಲ.

ಶಬ್ದಾಸಕ್ತ
ನಗೋಯಾದವರೇ, ನಿಮ್ಮ ಸಹಪಾಠಿಗೆ ಕನ್ನಡದ ‘ಇಸು’ ವಿವರಿಸುವಾಗ ಒಂದು ಎಚ್ಚರಿಕೆ ಇರಲಿ. ‘ಇಸು’ ಕಂಡಲ್ಲೆಲ್ಲ ಪ್ರೇರಣೆ ಇರುವುದಿಲ್ಲ. ಪ್ರೀತಿಸು, ಯೋಚಿಸು, ಗಮನಿಸು ಇವುಗಳಲ್ಲಿ ಅದು ಸಂಸ್ಕೃತದ ನಾಮಪದವನ್ನು ಕ್ರಿಯಾಪದ ಮಾಡುತ್ತದೆ ಅಷ್ಟೇ. ಇನ್ನು ಒಡೆ, ಮುರಿ, ತೆರೆ, ಹರಿ ಇವಕ್ಕೆ ‘ಇಸು’ ಬೇಡವೇ ಬೇಡ. “ಬಾಗಿಲು ತೆರೆಯಿತು”, “ಬಾಗಿಲು ತೆರೆದ”, ಎರಡಕ್ಕೂ ಒಂದೇ ಧಾತು.

ಹನೊಯ್_ವಾಸಿ
ವಿಯೆಟ್ನಾಮಿಯಲ್ಲೂ ಬಾಗಿಲ ‘ತೆರೆ’ಗೆ ಒಂದೇ ಪದ, ‘ಮೊ’. ದೀಪ ಆರುವುದಕ್ಕೂ ಆರಿಸುವುದಕ್ಕೂ ಒಂದೇ, ‘ತತ್’. ಇವಕ್ಕೆ ‘ಲಾಮ್’ ಬೇಡ. ನಮ್ಮ ‘ಒಡೆ’ ಮಾತ್ರ ಅಲ್ಲಿ ಸೀಳಿಹೋಗಿದೆ, ‘ವೊ’ ಅಂದರೆ ತಾನೇ ಒಡೆದುಹೋಗುವುದು ಮಾತ್ರ.

ಧಾರವಾಡದಾಂವ
ನಂದೊಂದು ಕೊನೀ ಪ್ರಶ್ನೆ ಅಕ್ಕಾರ. “ಅಪ್ಪ ನನ್ನನ್ನ ಓದಿಸಿದ” ಅಂತ ನಾವು ಅಂತೀವಿ. ಅಲ್ಲಿ ‘ಓದು’ ಅಂತ ಒತ್ತಾಯನೂ ಇಲ್ಲ, ಅಪ್ಪಣೆನೂ ಇಲ್ಲ. ಹೊಲದಾಗ ದುಡದು ಫೀ ತುಂಬಿದ್ದು, ಹಾಸ್ಟೆಲ್ಲಿಗೆ ಬುತ್ತಿ ಕಳಿಸಿದ್ದು, ಅಷ್ಟೂ ಆ ಒಂದ ಶಬ್ದದಾಗ ಐತಿ. ಅದಕ್ಕ ಏನಂತಾರ?

ಹನೊಯ್_ವಾಸಿ
‘ಬೊ ಚೊ ತೊಯ್ ಅನ್ ಹೊಕ್’. ‘ಬೊ’ ಅಪ್ಪ, ‘ಅನ್’ ತಿನ್ನು, ‘ಹೊಕ್’ ಓದು. ಓದಿನ ಜೊತೆ ಊಟವನ್ನೂ ಸೇರಿಸಿಯೇ ಹೇಳುತ್ತಾರೆ ಅಣ್ಣ, ಮುಂದೆ ‘ಕೊಡು’ ಇಟ್ಟು. ‘ಬತ್’ ಹಾಕಿದರೆ ಅಪ್ಪ ಬೆತ್ತ ಹಿಡಿದು ಓದಲು ಕೂರಿಸಿದ ಅಂತ ಆಗುತ್ತದೆ.

ನಗೋಯಾ_ಕನ್ನಡಿಗ
ಎಲ್ಲರಿಗೂ ಮನಸಾರೆ ಧನ್ಯವಾದ. ನಮ್ಮ ಮುಂದಿನ ಪಾಠ ‘ನೊಮಸೆರರೆರು’, ಅಂದರೆ ತನಗೆ ಬೇಡದಿದ್ದರೂ ಬೇರೆಯವರ ಒತ್ತಾಯಕ್ಕೆ ಕುಡಿಯಬೇಕಾಗಿ ಬರುವುದು. ಪ್ರೇರಣಾರ್ಥಕಕ್ಕೆ ಕರ್ಮಣಿ ಸೇರಿದ ರೂಪ. ಕನ್ನಡದಲ್ಲಿ “ಕುಡಿಸಲ್ಪಟ್ಟೆ” ಅಂದರೆ ಯಾರ ಬಾಯಲ್ಲೂ ಬರದ ಮಾತಾಗುತ್ತದೆ. ಈ ಸಲ ಕಷ್ಟ ನನಗೇ.

ಹನೊಯ್_ವಾಸಿ
ಈ ಪಾಠದಲ್ಲಿ ಅವಳೇ ನಿಮಗೆ ಹೇಳಿಕೊಡಲಿ. ವಿಯೆಟ್ನಾಮಿಯಲ್ಲಿ ಇದು ದಿನವೂ ಆಡುವ ಮಾತು. ಕೆಟ್ಟದ್ದು ತನ್ನ ಮೇಲೆ ಬಿದ್ದಾಗ ಬಳಸುವ ‘ಬಿ’ ಅನ್ನು ‘ಬತ್’ ಮುಂದೆ ಇಟ್ಟರೆ ಮುಗಿಯಿತು: ‘ತೊಯ್ ಬಿ ಮೆ ಬತ್ ಅನ್ ಝಾವ್’. ಅಮ್ಮ ಬಲವಂತ ಮಾಡಿ ನನಗೆ ಸೊಪ್ಪು ತಿನ್ನಿಸಿದಳು, ನನಗೆ ಇಷ್ಟವಿರಲಿಲ್ಲ. ಜಪಾನಿಯ ಆ ಉದ್ದನೆಯ ರೂಪದಲ್ಲಿರುವ ಅಸಮಾಧಾನವೂ ಇದರಲ್ಲಿ ಹಾಗೇ ಬರುತ್ತದೆ.

ಓದುಗ_ಮೈಸೂರು
ಕನ್ನಡದಲ್ಲಿ “ಕುಡಿಯಲೇಬೇಕಾಯ್ತು, ಬಿಡಲಿಲ್ಲ ಅವರು” ಅಂತ ಎರಡು ತುಂಡು ಮಾಡಿ ಹೇಳುತ್ತೇವೆ. ಹಾಗೆ ಯೋಚಿಸಿ ನೋಡಿ ನಗೋಯಾದವರೇ, ‘ಸೆರರೆರು’ ಬಂದ ಕಡೆಯೆಲ್ಲ ‘ಬೇಕಾಯ್ತು’ ಇಟ್ಟುಕೊಳ್ಳಿ.